ಪೈಪ್ ಗಾಡಿ, ಫೈಬರ್ ಗಾಡಿ, ಹಳೇ ಎಂಟುನೂರು: ಓಡಿಸಿ ನೋಡಿದವನ ಲೆಕ್ಕ

ಕಮ್ಮಿ ದುಡ್ಡಿನಲ್ಲಿ, ಓಡಿಸುವ ಖುಷಿಗೆ ಅಂತಲೇ ಒಂದು ಹಗುರ ಗಾಡಿ ಬೇಕು ಅಂದರೆ ಯಾವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಮಾರುತಿ 800ಕ್ಕೆ. ಅದೂ ಕಾರ್ಬೊರೇಟರ್ ಇರುವ, ನಾಲ್ಕೇ ಗೇರಿನ, 1998ರ ಬಿಳಿ ಗಾಡಿಗೆ. ಬೇರೆ ಕಡೆ ಒಂದು ಲಕ್ಷ ನಲವತ್ತು ಸಾವಿರ ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು. ಹಾಗಾಗಿ ಈ ಹೋಲಿಕೆಯಲ್ಲಿ ನ್ಯಾಯ ಹುಡುಕಬೇಡಿ.

ಆ ದುಡ್ಡು ಹೋದದ್ದು ಪೈಪ್ ಗಾಡಿಗೆ. ದಾವಣಗೆರೆಯ ನಮ್ಮ ಐದಾರು ಜನರ ಗುಂಪಿನಲ್ಲಿ ಅದಕ್ಕೆ ಅದೇ ಹೆಸರು. ಒಂದಿಂಚಿನ ಚೌಕ ಪೈಪುಗಳನ್ನು ವೆಲ್ಡಿಂಗ್ ಮಾಡಿ ಕಟ್ಟಿದ ಚಾಸಿ, ಅದಕ್ಕೆ ಅಲ್ಯೂಮಿನಿಯಂ ತಗಡು, ಎರಡು ಸೀಟು. ಬಾಗಿಲೂ ಇಲ್ಲ, ಟಾಪೂ ಇಲ್ಲ. ಲೋಟಸ್ ಕಂಪನಿ 1957ರಲ್ಲಿ ತಂದ ಸೆವೆನ್ ಕಾರಿನ ಅಚ್ಚು. ಆಗ ಬ್ರಿಟನ್ನಿನಲ್ಲಿ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಇಲ್ಲ. ಕಿಟ್ ಕಾರು ಅನ್ನುವುದು ಅಲ್ಲಿ ಬೆಳೆದದ್ದೇ ಹಾಗೆ. ಜೋಡಿಸುವ ವಿವರ ಕೊಟ್ಟರೆ ತೆರಿಗೆಯವರು ಹಿಡಿಯುತ್ತಾರೆ ಅಂತ ಕಳಚುವ ವಿವರ ಕೊಡುತ್ತಿದ್ದರಂತೆ, ಕೊಂಡವರು ಅದನ್ನೇ ಕೊನೆಯಿಂದ ಓದಿಕೊಂಡು ಜೋಡಿಸುತ್ತಿದ್ದರಂತೆ. ಈ ಕಥೆ ನಮ್ಮ ಗುಂಪಿನಲ್ಲಿ ವಾರಕ್ಕೊಂದು ಸಲ ಬರುತ್ತದೆ. ಚಹಾ ಆರುವ ತನಕ ನಗುತ್ತೇವೆ.

1973ರಿಂದ ಆ ಕಾರನ್ನು ಕ್ಯಾಟರ್‌ಹ್ಯಾಮ್ ಕಂಪನಿ ಮಾಡುತ್ತಿದೆ. ನನ್ನ ತಲೆ ಕೆಟ್ಟದ್ದು ಅವರ 160 ಅನ್ನುವ ಮಾದರಿ ನೋಡಿ. ಅದರಲ್ಲಿ ಇದ್ದದ್ದು ಸುಜುಕಿಯ 660 ಸಿಸಿ ಮೂರು ಸಿಲಿಂಡರ್ ಟರ್ಬೊ ಇಂಜಿನ್, ಹಿಂದೆ ಸುಜುಕಿಯದೇ ಆಕ್ಸಲ್. ಇಂಗ್ಲೆಂಡಿನವರೇ ಸುಜುಕಿ ಸಾಮಾನು ಹಾಕುತ್ತಾರೆ ಅಂದಮೇಲೆ ನಮಗೇನು ಅಡ್ಡಿ? ನಮ್ಮಲ್ಲಿ ಓಮ್ನಿ ಇದೆಯಲ್ಲ. 796 ಸಿಸಿ, ಹಿಂದಿನ ಚಕ್ರಕ್ಕೆ ಎಳೆತ, ಇಂಜಿನ್ನು ಗೇರ್‌ಬಾಕ್ಸು ಉದ್ದಕ್ಕೆ ಕೂತಿರುತ್ತವೆ. 800ರಲ್ಲೂ ಅದೇ ಇಂಜಿನ್ ಇದ್ದರೂ ಅಲ್ಲಿ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಪೈಪ್ ಗಾಡಿ ಕಟ್ಟುವವರಿಗೆ ಓಮ್ನಿ ಗುಜರಿ ಅಂದರೆ ಹಬ್ಬ. ಹಾಗೆ ಅರ್ಧ ಕಟ್ಟಿದ್ದ ಒಂದನ್ನು ಬೇರೆ ಊರಿನ ಒಬ್ಬರಿಂದ ಕೊಂಡೆ. "ಇನ್ನೇನಿಲ್ಲ ಸರ್, ಪೇಂಟ್ ಹೊಡೆದರೆ ಮುಗೀತು" ಅಂದರು. ಪೇಂಟ್ ತನಕ ನಾನು ಹೋಗಲೇ ಇಲ್ಲ.

ಗೇರಿನ ಕಥೆ ಹೇಳುತ್ತೇನೆ. ಉದ್ದ ಆಗುತ್ತದೆ, ಆದರೆ ಇದನ್ನು ಹೇಳದಿದ್ದರೆ ಬರೆದೂ ಉಪಯೋಗವಿಲ್ಲ.

ಓಮ್ನಿಯಲ್ಲಿ ಇಂಜಿನ್ ನಮ್ಮ ಸೀಟಿನ ಕೆಳಗೆ, ಗೇರ್‌ಬಾಕ್ಸ್ ಅದರ ಹಿಂದೆ. ಗೇರ್ ಲಿವರ್ ಮಾತ್ರ ಮುಂದೆ, ಮೊಣಕಾಲಿನ ಹತ್ತಿರ. ಅಂದರೆ ಗೇರ್‌ಬಾಕ್ಸಿನಿಂದ ರಾಡು ಮುಂದಕ್ಕೆ ಬರುತ್ತದೆ. ಪೈಪ್ ಗಾಡಿಯಲ್ಲಿ ಇಂಜಿನ್ ಮೂಗಿನಲ್ಲಿ, ಗೇರ್‌ಬಾಕ್ಸ್ ನಮ್ಮ ಕಾಲಿನ ಪಕ್ಕ, ನಾವು ಕೂರುವುದು ಅದರ ಹಿಂದೆ. ಲಿವರ್ ಗೇರ್‌ಬಾಕ್ಸಿಗಿಂತ ಹಿಂದೆ ಬರಲೇಬೇಕು. ಗಾಡಿ ಕಟ್ಟಿದ ಪುಣ್ಯಾತ್ಮ ಸುಲಭದ ದಾರಿ ಹಿಡಿದಿದ್ದ. ರಾಡನ್ನು ಉಲ್ಟಾ ತಿರುಗಿಸಿ, ಹಿಂದಕ್ಕೆ ಎಳೆದು, ಅಲ್ಲಿಗೆ ಲಿವರ್ ಕೂರಿಸಿದ್ದ.

ಅದರ ಪರಿಣಾಮ ಏನು ಗೊತ್ತಾ? ಒಂದನೇ ಗೇರಿಗೆ ಲಿವರನ್ನು ಹಿಂದಕ್ಕೆ ಎಳೆಯಬೇಕು, ಎರಡಕ್ಕೆ ಮುಂದಕ್ಕೆ ತಳ್ಳಬೇಕು. ಮೂರು ಹಿಂದೆ, ನಾಲ್ಕು ಮುಂದೆ. ಓದುವಾಗ ಇದೇನು ಮಹಾ ಅನಿಸುತ್ತದೆ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿರುವ ಕೈಗೆ ಯಾರು ಹೇಳಬೇಕು? ಮೂರರಲ್ಲಿ ಬರುತ್ತಿದ್ದೇನೆ, ಎದುರಿಗೆ ತಿರುವು, ಎರಡಕ್ಕೆ ಇಳಿಸಬೇಕು. ಕೈ ತನ್ನ ಪಾಡಿಗೆ ಎಡಕ್ಕೆ ಸರಿಸಿ ಹಿಂದಕ್ಕೆ ಎಳೆಯಿತು. ಬಿದ್ದದ್ದು ಒಂದನೇ ಗೇರು. ಕ್ಲಚ್ ಬಿಟ್ಟ ಕೂಡಲೇ ಇಂಜಿನ್ ಕಿರುಚಿತು, ಹಿಂದಿನ ಚಕ್ರ ಎರಡೂ ಹಿಡಿದುಕೊಂಡವು, ಗಾಡಿ ಅರ್ಧ ಸುತ್ತು ಹೊಡೆದು ಬಂದ ದಾರಿಗೇ ಮುಖ ಮಾಡಿ ನಿಂತಿತು. ಪುಣ್ಯಕ್ಕೆ ಇದು ನಡೆದದ್ದು ರಸ್ತೆಯಲ್ಲಲ್ಲ. ಗೆಳೆಯರೊಬ್ಬರ ಮನೆತನದ, ಮುಚ್ಚಿಹೋದ ಹತ್ತಿ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾದ ಊರಲ್ವಾ ನಮ್ಮದು, ಖಾಲಿ ಅಂಗಳಕ್ಕೆ ಬರ ಇಲ್ಲ.

ಸರಿ, ಉಲ್ಟಾ ಆದದ್ದನ್ನು ಸುಲ್ಟಾ ಮಾಡಬೇಕು. ನಡುವೆ ತಕ್ಕಡಿಯ ದಂಡಿಗೆಯ ಹಾಗೆ ಒಂದು ತುಂಡು ಹಾಕಿ, ಮಧ್ಯಕ್ಕೆ ಪಿನ್ ಕೊಟ್ಟರೆ ಈ ಕಡೆ ತಳ್ಳಿದ್ದು ಆ ಕಡೆ ಎಳೆದ ಹಾಗೆ ಆಗುತ್ತದೆ. ಇಂಥ ಕೆಲಸಕ್ಕೆ ನಮಗೆ ಹರಿಹರ ಇದೆ. ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಊರು ಅದು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆದರೂ ಕೈಕಸುಬು ಊರು ಬಿಟ್ಟು ಹೋಗಿಲ್ಲ. ವಯಸ್ಸಾದ ಟರ್ನರ್ ಒಬ್ಬರ ಹತ್ತಿರ ಹೋದೆ. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರು. "ಏನ್ ತಮ್ಮಾ ಇದು, ಟಿಲ್ಲರಾ?" ಅಂದರು. ಕಾರು ಅಂದೆ. "ಹೌದಾ?" ಅಂತ ಇನ್ನೊಂದು ಸುತ್ತು ಹಾಕಿದರು.

ತಕ್ಕಡಿ ತುಂಡು ಚೆನ್ನಾಗಿಯೇ ಬಂತು. ಗೇರು ಸರಿಯಾದ ಜಾಗಕ್ಕೆ ಬಂದವು. ಆದರೆ ಮೊದಲು ಎರಡು ಜಾಯಿಂಟ್ ಇದ್ದದ್ದು ಈಗ ನಾಲ್ಕು ಆಯಿತು. ಒಂದೊಂದು ಜಾಯಿಂಟಿನಲ್ಲೂ ಕೂದಲೆಳೆಯಷ್ಟು ಪ್ಲೇ, ಅಂದರೆ ಸಡಿಲ. ಎಲ್ಲ ಸೇರಿ ಲಿವರಿನ ತುದಿಗೆ ಬರುವ ಹೊತ್ತಿಗೆ ಎರಡು ಇಂಚು. ನ್ಯೂಟ್ರಲ್ ಯಾವುದು, ಮೂರು ಯಾವುದು ತಿಳಿಯದೆ ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ ಆಡಿಸಬೇಕು. ಪ್ಲೇ ಹೋಗಲಿ ಅಂತ ಜಾಯಿಂಟಿನ ಒಳಗೆ ಬಳೆಯ ಹಾಗೆ ಕೂರುವ ನೈಲಾನ್ ಬುಷ್ ಹಾಕಿಸಿದೆ. ಒಂದು ವಾರ ಬೆಣ್ಣೆಯ ಹಾಗೆ ಬಿತ್ತು ಗೇರು. ಎರಡನೇ ವಾರ ಬೆಣ್ಣೆಯ ಹಾಗೆ ಕರಗಿಯೂ ಹೋಯಿತು. ಸೈಲೆನ್ಸರ್ ಪೈಪ್ ನಾಲ್ಕು ಬೆರಳು ದೂರದಲ್ಲಿ ಹಾದುಹೋಗುತ್ತಿತ್ತು, ನಾನು ಗಮನಿಸಿರಲಿಲ್ಲ. ಆಮೇಲೆ ಗನ್ ಮೆಟಲ್ ಬುಷ್. ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡವನು ನಾನು, ದಿನಾ ಕೈಯಲ್ಲಿ ಹಿಡಿಯುವ ವಸ್ತು ಅದು. ಮೊದಲೇ ಹೊಳೆಯಬಾರದಿತ್ತಾ? ಗನ್ ಮೆಟಲ್ ಕರಗಲಿಲ್ಲ, ನಿಜ. ಆದರೆ ಇಂಜಿನ್ ಆನ್ ಆದ ಕ್ಷಣದಿಂದ ಆಫ್ ಆಗುವ ತನಕ ಕಾಲಿನ ಪಕ್ಕ ಟಕಟಕಟಕ.

ಮೂರು ಸಲ ಹರಿಹರಕ್ಕೆ ಹೋಗಿ ಬಂದೆ. ಮೂರು ಸಲವೂ ಗಾಡಿ ಹೋದದ್ದು ಬಾಡಿಗೆ 407 ಲಾರಿಯ ಬೆನ್ನ ಮೇಲೆ. ಯಾಕೆ ಅಂದರೆ ಅದಕ್ಕೆ ನಂಬರ್ ಇಲ್ಲ. ಬರುವ ದಾರಿಯೂ ಇಲ್ಲ.

ಗಾಡಿ ಮಾರುವಾಗ ಆ ಮನುಷ್ಯ ಹೇಳಿದ್ದು, "ಓಮ್ನಿಯ ಆರ್‌ಸಿ ಮೇಲೆ ಓಡಿಸಿ ಸರ್, ಮುಂದಿನ ವಾರ ಕಳಿಸ್ತೀನಿ" ಅಂತ. ಆಮೇಲೆ ಗೊತ್ತಾಯಿತು, ಆ ಓಮ್ನಿ ಗುಜರಿಗೆ ಹೋಗಿ ಆರ್‌ಸಿ ಆಗಲೇ ರದ್ದಾಗಿತ್ತು. ಇದ್ದಿದ್ದರೂ ಉಪಯೋಗ ಇರಲಿಲ್ಲ ಬಿಡಿ. ಕಾಗದದಲ್ಲಿ ವ್ಯಾನ್, ಎದುರಿಗೆ ಬಾಗಿಲಿಲ್ಲದ ತೊಟ್ಟಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯವರು ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಾಯಿಸಬಾರದು. 2019ರ ತಿದ್ದುಪಡಿ ಆದಮೇಲೆ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು, ಅಥವಾ ಎರಡೂ. ನನ್ನ ಗಾಡಿಯಲ್ಲಿ ಬದಲಾಗದೆ ಉಳಿದದ್ದನ್ನು ಎಣಿಸುವುದೇ ಸುಲಭ. ಇನ್ನು ಹೊಸ ಗಾಡಿ ಅಂತಲೇ ನೋಂದಾಯಿಸೋಣ ಅಂದರೆ ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಮಾದರಿ ಗಾಡಿಯ ಪರೀಕ್ಷೆ ಆಗಿ ಬರಬೇಕು. ಅದು ಸಾವಿರಾರು ಗಾಡಿ ಮಾಡುವ ಕಂಪನಿಗಳ ದಾರಿ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷೆ ಮಾಡಿ ನಂಬರ್ ಕೊಡುವ ಪದ್ಧತಿ ಇದೆ. ನಾವು ವಿಡಿಯೊ ನೋಡುವುದು ಅಲ್ಲಿಯದು, ಓಡಿಸುವುದು ಕೆಎ 17 ನಂಬರಿನ ದಾವಣಗೆರೆಯಲ್ಲಿ.

ಪೈಪ್ ಗಾಡಿಗೆ ಒಂದು ಮಾತು ಮಾತ್ರ ಒಪ್ಪಿಕೊಳ್ಳಲೇಬೇಕು. ಹರಿಹರದಿಂದ ಬರುವಾಗ ಒಂದು ದಿನ ಎಪಿಎಂಸಿ ಹತ್ತಿರ ವೇ ಬ್ರಿಜ್‌ನಲ್ಲಿ ಇಳಿಸಿ ತೂಗಿಸಿದೆ. ಮೆಕ್ಕೆಜೋಳದ ಸೀಸನ್, ಹಿಂದೆ ಲಾರಿಗಳ ಸಾಲು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಕಿಟಕಿಯಿಂದ ತಲೆ ಹಾಕಿ "ಏನ್ ಮಾಲು ಅಣ್ಣಾ?" ಅಂದ. ನಾನು ಉತ್ತರ ಹುಡುಕುವಷ್ಟರಲ್ಲಿ ಚೀಟಿ ಬಂದೇಬಿಟ್ಟಿತು. ಮಾಲು: ಮೆಕ್ಕೆಜೋಳ. ವಾಹನ ಸಂಖ್ಯೆ: ಖಾಲಿ. ತೂಕ: 480 ಕೆಜಿ. "ಎಂಟು ಚೀಲ ಅಷ್ಟೇ" ಅಂದ. ಅರವತ್ತು ಕೆಜಿ ಚೀಲದ ಲೆಕ್ಕದಲ್ಲಿ ಸರಿಯಾಗಿಯೇ ಹೇಳಿದ್ದ. ಕಾಗದದ ಮೇಲೆ 37 ಕುದುರೆ ಶಕ್ತಿಯ ಇಂಜಿನ್, 480 ಕೆಜಿ ಮೈ. ಟನ್ನಿಗೆ 77 ಕುದುರೆ ಬಿತ್ತು. ಮಿಲ್ಲಿನ ಅಂಗಳದಲ್ಲಿ ಎರಡನೇ ಗೇರಿನಲ್ಲಿ ಒತ್ತಿದಾಗ ಬೆನ್ನಿಗೆ ಯಾರೋ ಕೈ ಹಾಕಿ ತಳ್ಳಿದ ಹಾಗಾಗುತ್ತದೆ. ಆ ಸುಖ 800ರಲ್ಲಿ ಇಲ್ಲ. ಇಲ್ಲ ಅಂದರೆ ಇಲ್ಲ.

ಫೈಬರ್ ಗಾಡಿ ಅಂದರೆ ಸ್ಯಾನ್ ಸ್ಟಾರ್ಮ್. ನಮ್ಮ ದೇಶದಲ್ಲೇ ಆದ ಎರಡು ಸೀಟಿನ ಪುಟ್ಟ ಕಾರು, ಮೈಯೆಲ್ಲ ಫೈಬರ್, ರೆನೋದ 1149 ಸಿಸಿ ಇಂಜಿನ್, 60 ಕುದುರೆ. ಚಿತ್ರದುರ್ಗದಲ್ಲಿ ಪರಿಚಯದವರ ಮನೆಗೆ ಬೆಂಗಳೂರಿನಿಂದ ಒಂದು ಬಂದಿತ್ತು. ಒಂದು ಮಧ್ಯಾಹ್ನ ಓಡಿಸಲು ಕೊಟ್ಟರು. ಚೆನ್ನಾಗಿತ್ತು. ನಂಬರ್ ಇತ್ತು, ಬಾಗಿಲಿತ್ತು, ಗೇರು ಇರಬೇಕಾದಲ್ಲೇ ಇತ್ತು. ನನಗಿಂತ ಜಾಸ್ತಿ ಕೋಟೆ ನೋಡಲು ಬಂದಿದ್ದ ಮಕ್ಕಳು ಖುಷಿಪಟ್ಟರು. ಆದರೆ ತಯಾರಿಕೆ ನಿಂತುಹೋದ, ಊರಿಗೊಂದೂ ಇಲ್ಲದ ಗಾಡಿಯ ಗಾಜು ಒಡೆದರೆ ಎಲ್ಲಿಗೆ ಹೋಗುವುದು? ಅವರು ಮಾರುವವರೂ ಅಲ್ಲ, ನನ್ನ ಹತ್ತಿರ ಅಷ್ಟು ದುಡ್ಡೂ ಇಲ್ಲ.

ಮಾರುತಿಯ ಜೀಪು ಜಿಪ್ಸಿ ತಗೊಳ್ಳಬಹುದಿತ್ತಲ್ಲ ಅಂತ ಕೇಳುವವರಿಗೆ: ಈಗಿನ ರೇಟು ವಿಚಾರಿಸಿ ನೋಡಿ, ಆಮೇಲೆ ಮಾತಾಡೋಣ.

ಇನ್ನು ನನ್ನ 800. 38 ಸಾವಿರಕ್ಕೆ ಬಂತು, ಆರ್‌ಸಿ ನವೀಕರಣ ಆಗಿತ್ತು. ಕೊಂಡ ದಿನವೇ ಅದೇ ವೇ ಬ್ರಿಜ್‌ಗೆ ಹತ್ತಿಸಿದೆ. 690 ಕೆಜಿ. ಕಂಪನಿಯಿಂದ ಬಂದಾಗ ಸುಮಾರು 650 ಇದ್ದ ಗಾಡಿ ಇದು. ಆ 40 ಕೆಜಿ ಎಲ್ಲಿಂದ ಬಂತು ಅಂತ ಒಂದು ಭಾನುವಾರ ಕೂತು ಹುಡುಕಿದೆ. ಮುಂದೆ ಕಬ್ಬಿಣದ ಗಾರ್ಡು, ಮೇಲೆ ಕ್ಯಾರಿಯರ್, ಡಿಕ್ಕಿಯಲ್ಲಿ ಎರಡು ದೊಡ್ಡ ಸ್ಪೀಕರ್ ಮತ್ತು ಅದಕ್ಕೊಂದು ಪ್ಲೈವುಡ್ ಡಬ್ಬಿ, ಸೀಟಿಗೆ ರೆಕ್ಸಿನ್ ಕವರಿನ ಮೇಲೆ ಇನ್ನೊಂದು ರೆಕ್ಸಿನ್ ಕವರ್. ಮ್ಯಾಟ್ ಎತ್ತಿದರೆ ಕೆಳಗೆ ಡಾಂಬರು ಶೀಟು, ಅದರ ಕೆಳಗೆ ನೆನೆದ ಗೋಣಿಚೀಲ. ಗೋಣಿಚೀಲ ಯಾಕೆ ಅಂತ ಈಗಲೂ ನನಗೆ ಅರ್ಥವಾಗಿಲ್ಲ. ಎಲ್ಲ ಕಿತ್ತು ಗುಜರಿಗೆ ಹಾಕಿದೆ. ನನ್ನ ಕೈಯಲ್ಲಿ ಒಂದು ವಸ್ತು ಸೇರಿಲ್ಲ, ಹಿಂದಿನ ಮಾಲೀಕರು ಸೇರಿಸಿದ್ದು ಹೋಯಿತು ಅಷ್ಟೇ. ಮತ್ತೆ ತೂಗಿದಾಗ ಸರಿಯಾಗಿ 650.

ನಮ್ಮ ಗುಂಪಿನಲ್ಲಿ ಯಾರಿಗೂ ಹಿಡಿಸದ ಪಾಯಿಂಟ್ ಇದು, ಆದರೂ ಹೇಳುತ್ತೇನೆ. ಕಾನೂನು ಬೇಡ ಅನ್ನುವುದು ಗಾಡಿ ಕಂಪನಿಯ ವಿವರದಿಂದ ದೂರ ಹೋಗುವುದನ್ನು. ನಾನು ಹತ್ತಿರ ಬಂದೆ. ಎಫ್‌ಸಿಗೆ ಹೋದಾಗ ಇನ್‌ಸ್ಪೆಕ್ಟರ್ ಎರಡು ನಿಮಿಷವೂ ನೋಡಲಿಲ್ಲ. ಹಿಂದಿನ ಸೀಟನ್ನೂ ತೆಗೆದರೆ ಇನ್ನಷ್ಟು ಹಗುರ ಆಗುತ್ತದೆ ಅಂತ ಗೆಳೆಯರ ಒತ್ತಾಯ. ಆರ್‌ಸಿಯಲ್ಲಿ ನಾಲ್ಕು ಸೀಟು ಅಂತಿದೆ, ತೆಗೆಯುವ ಹಾಗಿಲ್ಲ ಅಂದೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ ಸೀಟು ತೆಗೆದರೆ ನನ್ನ ಹೆಂಡತಿ ನನ್ನನ್ನೂ ತೆಗೆಯುತ್ತಾಳೆ. ಜೆನ್‌ನ 993 ಸಿಸಿ ಇಂಜಿನ್ ಕೂರಿಸು ಅಂತ ಇನ್ನೊಬ್ಬನ ವರಾತ. ಮತ್ತೆ ಆರ್‌ಟಿಒ ಮೆಟ್ಟಿಲು ಹತ್ತುವ ಶಕ್ತಿ ನನಗಿಲ್ಲ.

ಹೊಸದಾಗಿ ಖರ್ಚು ಮಾಡಿದ್ದು 27 ಸಾವಿರ. ಕಂಪನಿ ಸೈಜಿನದೇ ಹನ್ನೆರಡು ಇಂಚಿನ ನಾಲ್ಕು ಹೊಸ ಟೈರು, ಬ್ರೇಕು, ನಾಲ್ಕು ಶಾಕ್ ಅಬ್ಸಾರ್ಬರ್, ಕಾರ್ಬೊರೇಟರ್ ಬಿಚ್ಚಿ ತೊಳೆದದ್ದು. ಹಣ ಕಮ್ಮಿ ಇರುವವರಿಗೆ ಒಂದೇ ಮಾತು: ಮೊದಲು ಶಾಕ್ ಅಬ್ಸಾರ್ಬರ್. ಸ್ಟೇರಿಂಗ್ ಕವರ್ ಕೊನೆಗೆ. ಕೊನೆಗೂ ಬೇಡ.

ಈಗ ನನ್ನ 800ಕ್ಕೆ ಟನ್ನಿಗೆ 57 ಕುದುರೆ. ಪೈಪ್ ಗಾಡಿ ಮುಂದೆ ಏನೂ ಅಲ್ಲ, ಒಪ್ಪಿದೆ. ಆದರೆ ಭಾನುವಾರ ಬೆಳಗಿನ ಐದೂವರೆಗೆ ಗೇಟು ತೆಗೆದು, ಹೈವೇ ಹಿಡಿದು, ಭರಮಸಾಗರ ದಾಟಿ ಚಿತ್ರದುರ್ಗಕ್ಕೆ ಹೋಗಿ, ಜೋಗಿಮಟ್ಟಿ ಕಡೆಯ ತಿರುವುಗಳಲ್ಲಿ ಇದನ್ನು ಮೂರರಿಂದ ಎರಡಕ್ಕೆ ಇಳಿಸುತ್ತೇನೆ. ಪ್ರತಿ ಸಲವೂ ಎರಡೇ ಬೀಳುತ್ತದೆ. ಅಷ್ಟು ವೇಗದಲ್ಲೂ ಇಲ್ಲ, ನಲವತ್ತೋ ನಲವತ್ತೈದೋ. ಪವರ್ ಸ್ಟೇರಿಂಗ್ ಇಲ್ಲದ ಕಾರಣ ಟೈರಿನ ಕೆಳಗೆ ಜಲ್ಲಿ ಬಂದರೆ ಅಂಗೈಗೆ ಗೊತ್ತಾಗುತ್ತದೆ. ಒಂಬತ್ತಕ್ಕೆ ಊರಿಗೆ ವಾಪಸ್, ಗುಂಪಿನವರ ಜೊತೆ ದೋಸೆ. ಸೋಮವಾರ ಅದೇ ಗಾಡಿಯಲ್ಲಿ ಎರಡು ಮೋಟಾರ್ ಹಾಕಿಕೊಂಡು ಆನಗೋಡಿಗೆ ಹೋಗಿ ಇಳಿಸಿ ಬರುತ್ತೇನೆ. ನನ್ನ ಬದುಕು ಇರುವುದು ಇಷ್ಟೇ ಅಗಲ, ಅದಕ್ಕೆ ಈ ಗಾಡಿ ಸರಿಯಾಗಿ ಕೂರುತ್ತದೆ. ಸ್ವಂತ ಜಮೀನಿನಲ್ಲಿ ಉದ್ದದ ಡಾಂಬರು ದಾರಿ ಇರುವವರು, ವೆಲ್ಡಿಂಗ್ ತಾವೇ ಮಾಡಬಲ್ಲವರು, 407 ಮನೆಯಲ್ಲೇ ಇರುವವರು ಧಾರಾಳವಾಗಿ ಪೈಪ್ ಗಾಡಿ ಕಟ್ಟಿಕೊಳ್ಳಲಿ. ನಾನೇ ಬಂದು ಓಡಿಸುತ್ತೇನೆ.

ನನ್ನದು ಇನ್ನೂ ಮಿಲ್ಲಿನ ಶೆಡ್ಡಿನಲ್ಲಿದೆ, ತಾಡಪಾಲು ಹೊದ್ದು. ಮಾರಾಟಕ್ಕಿದೆ. ಮೊನ್ನೆ ರಾಣೆಬೆನ್ನೂರಿನಿಂದ ಒಬ್ಬರು ಫೋನ್ ಮಾಡಿ ಇಂಜಿನ್ ಕೇಳಿದರು, ಟೈರ್ ಕೇಳಿದರು, ಗೇರಿನ ಬಗ್ಗೆಯೂ ಕೇಳಿದರು. ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಪೇಪರ್ ಏನಾದ್ರೂ ಐತೇನ್ರೀ?"

"ಒಂದೈತ್ರೀ" ಅಂದೆ. "ಮೆಕ್ಕೆಜೋಳ ಅಂತ ಐತಿ."