ಪೊದೆಯೊಳಗಿನ ಹಳೇ ಬೀಟಲ್ ಕೊಂಡು ಕೆಟ್ಟೆ, ನೀವು ಮೊದಲು ಸೀಟು ಎತ್ತಿ ನೋಡಿ

ಹಳೇ ಕಾರಿನ ಹುಚ್ಚು ಇರುವವರು ದಯವಿಟ್ಟು ಓದಿ. ಯಾರದೋ ಜಾಗದ ಮೂಲೆಯಲ್ಲಿ ಬಳ್ಳಿ ಹಬ್ಬಿಸಿಕೊಂಡು ಕೂತಿರುವ ಕಾರು ಕಂಡರೆ ನಮ್ಮಂಥವರಿಗೆ ಬುದ್ಧಿ ಕೈಕೊಡುತ್ತದೆ. ನನಗೂ ಕೊಟ್ಟಿತು.

ಸಿಕ್ಕಿದ್ದು ಫೋಕ್ಸ್‌ವ್ಯಾಗನ್ ಬೀಟಲ್. ಎಲೆ ಸರಿಸಿದರೆ ಹಿಂದಿನ ಗಾಜು ಮೊಟ್ಟೆಯಾಕಾರ! ಆ ಓವಲ್ ಕಿಟಕಿ ಬಂದದ್ದು 1953ರಿಂದ 1957ರವರೆಗೆ ಮಾತ್ರ. ಅಷ್ಟು ನೋಡಿದ್ದೇ ಸಾಕಾಯ್ತು, ಮಿಕ್ಕಿದ್ದೇನೂ ಕಣ್ಣಿಗೆ ಬೀಳಲಿಲ್ಲ. ಜಾಗದ ಯಜಮಾನರು "ಎಷ್ಟೋ ವರ್ಷದಿಂದ ಬಿದ್ದಿದೆ, ಯಾರೂ ಕೇಳಿಲ್ಲ, ತಗೊಂಡು ಹೋಗಿ" ಅಂದರು. ಕಾಗದಪತ್ರ? "ಎಲ್ಲೋ ಕಳೆದುಹೋಗಿದೆ, ಆಮೇಲೆ ಮಾಡಿಸಿಕೊಳ್ಳಬಹುದು ಬಿಡಿ." ನಾನು ತಲೆಯಾಡಿಸಿ ದುಡ್ಡು ಎಣಿಸಿದೆ. ರಸೀದಿ ಕೂಡ ಕೇಳಲಿಲ್ಲ, ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಅಂತ ಭಯ.

ಚಕ್ರಗಳು ಮಣ್ಣಲ್ಲಿ ಹೂತಿದ್ದವು, ಬ್ರೇಕ್ ಕಚ್ಚಿಕೊಂಡಿತ್ತು. ಎಳೆದು ಟ್ರಕ್ಕಿಗೆ ಹತ್ತಿಸುವಾಗ ಬಲಬದಿಯ ನೆಲದ ತಗಡು ಒಣಗಿದ ಎಲೆಯ ಹಾಗೆ ಪುಡಿಯಾಗಿ ಅಲ್ಲೇ ಉದುರಿತು. ಬೀಟಲ್‌ನಲ್ಲಿ ಬ್ಯಾಟರಿ ಇರುವುದು ಹಿಂದಿನ ಸೀಟಿನ ಅಡಿ, ಬಲಗಡೆ. ಆಸಿಡ್ ಸೋರಿದರೆ ತುಕ್ಕು ಅಲ್ಲೇ ಜಾಸ್ತಿ. ಸೀಟು ಎತ್ತಿ ಸ್ಕ್ರೂಡ್ರೈವರಿನಿಂದ ಒಂದು ಸಲ ಚುಚ್ಚಿದ್ದರೆ ಗೊತ್ತಾಗಿಬಿಡುತ್ತಿತ್ತು. ಸೀಟಿನ ಮೇಲೆ ಇಲಿಗೂಡು ಇತ್ತು, ಮುಟ್ಟಲು ಹೇಸಿದೆ ಅಷ್ಟೆ.

ಚಾಸಿ ನಂಬರ್ ಇರುವುದೂ ಅದೇ ಸೀಟಿನ ಅಡಿ, ನಡುವಿನ ಉಬ್ಬಿನ ಮೇಲೆ. ಮನೆಗೆ ತಂದು ತುಕ್ಕು ಉಜ್ಜಿದೆ. ನಂಬರ್ ಚೆನ್ನಾಗೇ ಇತ್ತು, ಒಂಬತ್ತು ಅಂಕಿ. ಎದೆ ಧಸಕ್ಕೆಂದಿತು. ಬೀಟಲ್‌ಗೆ ಒಂಬತ್ತು ಅಂಕಿ ಶುರುವಾದದ್ದೇ 1965ರ ಮಾಡೆಲ್‌ನಿಂದ, ಅದರಲ್ಲಿ ಮೂರನೇ ಅಂಕಿ ಮಾಡೆಲ್ ವರ್ಷ ಹೇಳುತ್ತದೆ. ನನ್ನದು 117 ಅಂತ ಶುರು, ಅಂದರೆ 1967! ಈ ಕಾರಿನ ಬಾಡಿ ಬೋಲ್ಟ್ ಬಿಚ್ಚಿದರೆ ಪೂರ್ತಿ ಎತ್ತಲು ಬರುತ್ತದೆ, ಕೈ ಪಳಗಿದವರು ಒಂದರ ಬಾಡಿಯನ್ನು ಇನ್ನೊಂದರ ಚಾಸಿ ಮೇಲೆ ಕೂರಿಸುತ್ತಾರೆ. ಕಿಟಕಿ ನೋಡಿ ವಯಸ್ಸು ಹೇಳಿದ ನನ್ನ ಜಾಣತನಕ್ಕೆ ಏನನ್ನೋಣ.

ಇದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಮೂರು ವಾರದ ಮೇಲೆ ಒಬ್ಬ ಹೆಂಗಸು ಫೋನ್ ಮಾಡಿದರು. ಕಾರು ಅವರ ಅಪ್ಪನದಂತೆ. ಪರಿಚಯದವರ ಜಾಗ ಅಂತ ಅಲ್ಲಿ ನಿಲ್ಲಿಸಿದ್ದರಂತೆ, ರಿಪೇರಿ ಮಾಡಿಸಬೇಕು ಅಂದುಕೊಳ್ಳುತ್ತಲೇ ತೀರಿಕೊಂಡರಂತೆ. ಕಾಗದ ಅವರ ಹತ್ತಿರವೇ ಇತ್ತು, ಒಂಬತ್ತು ಅಂಕಿಯೂ ತಾಳೆಯಾಯಿತು. ಜಾಗ ಆ ಯಜಮಾನರದ್ದು ನಿಜ, ಕಾರು ಅವರದ್ದಲ್ಲವಲ್ಲ! ನಾನು ಹೋಗಿ ಕೇಳಿದರೆ "ಮಾರಿದೆ ಅಂತ ಯಾರು ಹೇಳಿದ್ದು? ಜಾಗ ಖಾಲಿ ಮಾಡಿ ಅಂದೆ ಅಷ್ಟೆ" ಅಂದುಬಿಟ್ಟರು. ರಸೀದಿ ಇಲ್ಲದವನು ಏನಂತ ವಾದಿಸಲಿ?

ಹಾಗಾಗಿ ಬಳ್ಳಿ ಕೀಳುವ ಮೊದಲೇ ನಂಬರ್ ಹುಡುಕಿ ಫೋಟೋ ತೆಗೆದುಕೊಳ್ಳಿ, ಅದು ಯಾರ ಹೆಸರಲ್ಲಿದೆ ಅಂತ ನೋಂದಣಿ ಕಚೇರಿಯಲ್ಲಿ ವಿಚಾರಿಸಿ, ಆ ಹೆಸರಿನವರು ಅಥವಾ ಅವರ ವಾರಸುದಾರರು ಸಹಿ ಹಾಕಿ ಕೊಡುವವರೆಗೆ ದುಡ್ಡು ಜೇಬಿನಿಂದ ತೆಗೆಯಬೇಡಿ. ಮಾರುವವರು ಎಷ್ಟೇ ಒಳ್ಳೆಯವರಾಗಿ ಕಾಣಲಿ.

ಕಾರು ವಾಪಸ್ ಕೊಟ್ಟೆ. ಆ ತಾಯಿ ಬೈಯಲಿಲ್ಲ. ಸುತ್ತ ಒಂದು ಸಲ ನೋಡಿ, ಬಾಗಿಲು ತೆಗೆದು, ಬಲಗಡೆಯ ನೆಲ ಎಲ್ಲಿ ಅಂತ ಮಾತ್ರ ಕೇಳಿದರು.