ಎಫ್-150 ಬೆನ್ನ ಮೇಲೆ ಪಾಪ್-ಅಪ್ ಕ್ಯಾಂಪರ್: 2021ರಿಂದ ಬಳಸಿದವರ ಮಾತು

ಪಿಕಪ್ ಮೇಲೆ ಕ್ಯಾಂಪರ್ (ಮಲಗಿ, ಅಡುಗೆ ಮಾಡಿಕೊಳ್ಳುವ ಪುಟ್ಟ ಮನೆಯಂಥ ಡಬ್ಬ) ಕೂರಿಸಬೇಕು ಅಂತಿದ್ದರೆ ಮೊದಲು ಕ್ಯಾಂಪರ್ ನೋಡೋಕೆ ಹೋಗಬೇಡಿ. ನಿಮ್ಮ ಗಾಡಿಯ ಡ್ರೈವರ್ ಬಾಗಿಲು ತೆಗೆಯಿರಿ. ಚೌಕಟ್ಟಿನ ಮೇಲೆ ಹಳದಿ-ಬಿಳಿ ಸ್ಟಿಕ್ಕರ್ ಒಂದಿರುತ್ತದೆ. ಜನ, ಸಾಮಾನು ಎರಡೂ ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಅದೇ ಪೇಲೋಡ್. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುವ ಎಳೆಯುವ ಶಕ್ತಿಗೂ ಇದಕ್ಕೂ ಸಂಬಂಧವೇ ಇಲ್ಲ. ಎಳೆಯುವುದು ಬೇರೆ, ಹೊರುವುದು ಬೇರೆ.

ನಾವಿರುವುದು ಕೊಲೊರಾಡೊದಲ್ಲಿ, ಡೆನ್ವರ್ ಪಕ್ಕ. ಗಾಡಿ ನಾಲ್ಕು ಬಾಗಿಲಿನ, ಫೋರ್-ವೀಲ್-ಡ್ರೈವ್ ಫೋರ್ಡ್ ಎಫ್-150. ಹಿಂದಿನ ಬೆಡ್, ಅಂದರೆ ಸಾಮಾನು ಹೇರುವ ತೆರೆದ ಜಾಗ, ಆರೂವರೆ ಅಡಿ. ಕೊಳ್ಳುವಾಗಲೇ 'ಹೆವಿ ಡ್ಯೂಟಿ ಪೇಲೋಡ್' ಪ್ಯಾಕೇಜ್ ಇರುವುದನ್ನು ಹುಡುಕಿ ತಂದೆವು. ಅದರಲ್ಲಿ ಹಿಂದಿನ ಸ್ಪ್ರಿಂಗ್, ಆಕ್ಸಲ್, ಟೈರ್ ಎಲ್ಲ ಗಟ್ಟಿ. ನಮ್ಮ ಸ್ಟಿಕ್ಕರ್ 2,130 ಪೌಂಡ್ ಅನ್ನುತ್ತದೆ, ಅಂದರೆ ಸುಮಾರು 966 ಕಿಲೋ. ಅದೇ ಮಾಡೆಲ್‌ನ ಇನ್ನೊಂದು ಗಾಡಿಗೆ, ಸನ್‌ರೂಫ್, ದೊಡ್ಡ ಚಕ್ರ, ಮೋಟಾರ್ ಸೀಟು ಎಲ್ಲ ಇದ್ದರೆ, 1,500 ಮಾತ್ರ ಇರಬಹುದು. ಗಾಡಿ ಶೋಕಿ ಆದಷ್ಟೂ ಹೊರೋದು ಕಮ್ಮಿ. ಸ್ಟಿಕ್ಕರ್ ಆ ಒಂದು ಗಾಡಿಗಷ್ಟೇ ಸೇರಿದ್ದು, ಮಾಡೆಲ್‌ಗೆ ಅಲ್ಲ.

ಪಾಪ್-ಅಪ್ ಅಂದರೆ ಓಡಿಸುವಾಗ ಸೂರು ಕೆಳಗೆ ಕೂತಿರುತ್ತದೆ, ತಂಗಿದ ಕಡೆ ಎತ್ತಿ ನಿಲ್ಲಿಸಬೇಕು. ಮೇಲಿನ ಅರ್ಧ ಗೋಡೆ ದಪ್ಪ ಬಟ್ಟೆ. ಮಲಗುವ ಹಾಸಿಗೆ ಡ್ರೈವರ್ ತಲೆಯ ಮೇಲೆ ಚಾಚಿಕೊಂಡಿರುತ್ತದೆ. ಕ್ಯಾಲಿಫೋರ್ನಿಯಾದ ವುಡ್‌ಲ್ಯಾಂಡ್‌ನಲ್ಲಿ ಫೋರ್ ವೀಲ್ ಕ್ಯಾಂಪರ್ಸ್, ನಮ್ಮ ಕೊಲೊರಾಡೊದ ಫೋರ್ಟ್ ಲಪ್ಟನ್‌ನಲ್ಲಿ ಹಾಲ್‌ಮಾರ್ಕ್, ಐಯೊವಾದಲ್ಲಿ ನಾರ್ತ್‌ಸ್ಟಾರ್, ಹೀಗೆ ಮಾಡುವವರು ಹಲವರಿದ್ದಾರೆ. ನಮ್ಮದು ಅಲ್ಯೂಮಿನಿಯಂ ಚೌಕಟ್ಟಿನದು. ಯಾರದು ಅನ್ನುವುದನ್ನು ಬಿಡಿ. ಇಲ್ಲಿ ಹೇಳುವುದರಲ್ಲಿ ಬಹುಪಾಲು ಯಾವ ಪಾಪ್-ಅಪ್‌ಗಾದರೂ ಹೊಂದುತ್ತದೆ.

ಈಗ ಲೆಕ್ಕ. ಬ್ರೋಷರ್ ಪ್ರಕಾರ ನಮ್ಮ ಕ್ಯಾಂಪರ್ 1,150 ಪೌಂಡ್. ಅದು ಬರೀ ಡಬ್ಬದ ತೂಕ. ಫ್ರಿಜ್, ಹೀಟರ್, ಬ್ಯಾಟರಿ, ಸೋಲಾರ್ ಫಲಕ ಸೇರಿದಾಗ 1,350 ಆಯಿತು. 20 ಗ್ಯಾಲನ್ ನೀರು ತುಂಬಿಸಿದರೆ 167. ಒಂದು ಪ್ರೊಪೇನ್ ಸಿಲಿಂಡರ್ 37. ಗಂಡ ಹೆಂಡತಿ ಇಬ್ಬರೂ ಸೇರಿ 310. ಅಕ್ಕಿ ಬೇಳೆ, ಪಾತ್ರೆ, ಬಟ್ಟೆ, ಕುರ್ಚಿ, ಸ್ಪ್ಯಾನರ್ ಡಬ್ಬಿ ಅಂತ ಇನ್ನೊಂದು 200. ಒಟ್ಟು 2,064. ಗ್ಯಾಸೊಲಿನ್ (ಪೆಟ್ರೋಲ್) ತೂಕ ಇದರಲ್ಲಿ ಸೇರಿಸಬೇಕಿಲ್ಲ, ಟ್ಯಾಂಕ್ ತುಂಬಿದೆ ಅಂತ ಹಿಡಿದೇ ಸ್ಟಿಕ್ಕರ್ ಬರೆದಿರುತ್ತಾರೆ. ಹಿಂದಿನ ಬಾಗಿಲು, ಅಂದರೆ ಟೇಲ್‌ಗೇಟ್, ಹೇಗೂ ತೆಗೆದಿಡಬೇಕು. ಅಲ್ಲಿ ಸ್ವಲ್ಪ ಉಳಿತಾಯ. ಜೊತೆಗೆ ಟೇಲ್‌ಗೇಟ್‌ನಲ್ಲಿರುವ ರಿವರ್ಸ್ ಕ್ಯಾಮೆರಾನೂ ಹೋಗುತ್ತದೆ. ಕ್ಯಾಂಪರ್ ಬೆನ್ನಿಗೆ ಇನ್ನೊಂದು ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಹಿಂದೆ ಏನೂ ಕಾಣಲ್ಲ.

ಅಂದರೆ ಇಬ್ಬರಿಗೇ ಅಂಚಿಗೆ ಬಂದು ನಿಂತಿತು. ಹಾಗಾಗಿ ಎಸಿ, ಪಕ್ಕದ ನೆರಳಿನ ಚಪ್ಪರ, ಒಳಗಿನ ಶವರ್ ಮೂರನ್ನೂ ಬೇಡ ಅಂದೆವು. ಡೀಲರ್ ಮುಖ ಸಣ್ಣದಾಯಿತು, ಪರವಾಗಿಲ್ಲ. ಎಸಿ ಇಲ್ಲದ್ದು ಜುಲೈನಲ್ಲಿ ಯೂಟಾದ ಮರುಭೂಮಿಯ ಮೋಆಬ್ ಕಡೆ ಹೋದರೆ ಖಂಡಿತ ಗೊತ್ತಾಗುತ್ತದೆ. ನಾವು ಜುಲೈನಲ್ಲಿ ಮೋಆಬ್ ಕಡೆ ಹೋಗಲ್ಲ, ಬೆಟ್ಟ ಹತ್ತುತ್ತೇವೆ.

"ಏರ್ ಬ್ಯಾಗ್ ಹಾಕಿಸಿದರೆ ಆಯ್ತಲ್ಲ" ಅನ್ನುವವರು ಸಿಗುತ್ತಾರೆ. ಅಪಘಾತದಲ್ಲಿ ಉಬ್ಬುವುದಲ್ಲ, ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗಿ ಹಾಕುವ ಗಾಳಿ ಚೀಲ. ಏರ್ ಬ್ಯಾಗ್ ಹಾಕಿದರೆ ಕುಸಿದ ಹಿಂಭಾಗ ಮೇಲೇಳುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು ತಪ್ಪುತ್ತದೆ. ಅಷ್ಟೇ. ಸ್ಟಿಕ್ಕರ್ ಮೇಲಿನ ಅಂಕಿ ಒಂದು ಪೌಂಡೂ ಏರಲ್ಲ. ಆಕ್ಸಲ್, ಬ್ರೇಕ್, ಟೈರ್ ಹಳೆಯವೇ ಅಲ್ವಾ?

ಎಫ್-150 ದರ್ಜೆಗೆ ಅರ್ಧ ಟನ್ ಗಾಡಿ ಅನ್ನುತ್ತಾರೆ. ಹಾಗಾದರೆ ಸೀದಾ ಅದರ ಮೇಲಿನ ದರ್ಜೆಗೆ, ಮುಕ್ಕಾಲು ಟನ್ ಗಾಡಿಗೆ, ಎಫ್-250 ಅಥವಾ ರಾಮ್ 2500ಕ್ಕೆ ಹೋಗುವುದಾ? ಹೋಗಬಹುದು, ಆದರೆ ಎಂಜಿನ್ ನೋಡಿ. ಈ ದರ್ಜೆಯ ಬಹಳಷ್ಟು ಗಾಡಿಗಳ ಒಟ್ಟು ತೂಕದ ಮಿತಿ 10,000 ಪೌಂಡ್. ಡೀಸೆಲ್ ಎಂಜಿನ್ ತಾನೇ ನೂರಾರು ಪೌಂಡ್ ಜಾಸ್ತಿ ತೂಗುತ್ತದೆ, ಅಷ್ಟೂ ಪೇಲೋಡ್‌ನಿಂದ ಕಡಿತ. ಶೋಕಿ ಟ್ರಿಮ್‌ನ (ಸೌಕರ್ಯಗಳ ದರ್ಜೆಯ) ಡೀಸೆಲ್ 2500 ಒಂದು ನಮ್ಮ ಎಫ್-150ಗಿಂತ ಕಮ್ಮಿ ಹೊರುವುದು ಅಪರೂಪವೇನಲ್ಲ. ಕ್ಯಾಂಪರ್‌ಗೆ ಅಂತಲೇ ಕೊಳ್ಳುವುದಾದರೆ ಗ್ಯಾಸೊಲಿನ್ ಎಂಜಿನ್, ಸಾದಾ ಟ್ರಿಮ್ ನೋಡಿ.

ತೂಕ ಹೊಂದಿದ ಮೇಲೆ ಅಳತೆ. ಫುಲ್ ಸೈಜ್ ಪಿಕಪ್‌ಗಳ ಬೆಡ್ ಸಾಮಾನ್ಯವಾಗಿ ಐದೂವರೆ, ಆರೂವರೆ, ಎಂಟು ಅಡಿ. ಕ್ಯಾಂಪರ್ ಮಾಡೆಲ್‌ಗಳೂ ಇದಕ್ಕೆ ತಕ್ಕಂತೆ. ಐದೂವರೆ ಅಡಿಯಲ್ಲಿ ದೊಡ್ಡದನ್ನು ಕೂರಿಸಿದರೆ ಬಾಲ ಹೊರಗೆ ಚಾಚಿ ಭಾರ ಹಿಂದಕ್ಕೆ ಸರಿಯುತ್ತದೆ. ಕ್ಯಾಂಪರ್‌ನ ಭಾರದ ನಡುಬಿಂದು ಹಿಂದಿನ ಆಕ್ಸಲ್‌ಗಿಂತ ತುಸು ಮುಂದೆ ಇರಬೇಕು. ಹಿಂದೆ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ತೇಲಿದ ಹಾಗಾಗುತ್ತದೆ. ಗಾಡಿಯ ಸೂರಿಗೂ ಮೇಲೆ ಚಾಚಿದ ಹಾಸಿಗೆಗೂ ನಡುವೆ ಸಂದು ಬೇಕೇ ಬೇಕು. ನಮಗೆ ಬೆಡ್ ಮೇಲೆ ರಬ್ಬರ್ ಮ್ಯಾಟ್ ಹಾಸಿದ ಮೇಲೆ ಸರಿಹೋಯಿತು. ಮ್ಯಾಟ್ ಇದ್ದರೆ ಕ್ಯಾಂಪರ್ ಜಾರುವುದೂ ಇಲ್ಲ.

ಕಟ್ಟುವುದು ಬೆಡ್ ತಳಕ್ಕೆ ಹಾಕಿದ ನಾಲ್ಕು ಕೊಂಡಿಗಳಿಗೆ, ಟರ್ನ್‌ಬಕಲ್‌ನಲ್ಲಿ (ತಿರುಗಿಸಿ ಬಿಗಿಮಾಡುವ ಸ್ಕ್ರೂ ಕೊಂಡಿ) ಬಿಗಿದು. 2015ರ ಮಾಡೆಲ್‌ನಿಂದ ಎಫ್-150 ಮೈ ಅಲ್ಯೂಮಿನಿಯಂ. ಹಾಗಾಗಿ ಬೋಲ್ಟ್ ಕೆಳಗೆ ಅಗಲವಾದ ಪ್ಲೇಟ್ ಕೊಡಲೇಬೇಕು. ಇಲ್ಲವಾದರೆ ಎಳೆತಕ್ಕೆ ತೂತು ಅಗಲ ಆಗುತ್ತದೆ. ಯೂಟಾದ ಅಲೆ ಅಲೆ ಮಣ್ಣು ರಸ್ತೆಯಲ್ಲಿ ಒಂದು ಗಂಟೆ ಕುಲುಕಿದರೆ ಟರ್ನ್‌ಬಕಲ್ ಸಡಿಲವಾಗುತ್ತದೆ. ಇಳಿದು ಕೈ ಹಾಕಿ ನೋಡುವುದು ಅಭ್ಯಾಸ ಆಗಿಬಿಟ್ಟಿದೆ.

ಎಲ್ಲ ತುಂಬಿದ ಮೇಲೆ ಲಾರಿಗಳು ನಿಲ್ಲುವ ಟ್ರಕ್ ಸ್ಟಾಪ್‌ಗೆ ಹೋಗಿ ಕ್ಯಾಟ್ ಸ್ಕೇಲ್ ಅನ್ನುವ ಗಾಡಿ ತೂಗುವ ತಕ್ಕಡಿ ಮೇಲೆ ತೂಗಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ಬರೆದು ಚೀಟಿ ಕೊಡುತ್ತಾರೆ. ಖಾಲಿ ಗಾಡಿಯನ್ನೂ ಒಂದು ಸಲ ತೂಗಿಸಿಟ್ಟಿರಿ. ಕ್ಯಾಂಪರ್ ಭಾರ ಪೂರ್ತಿ ಅನ್ನುವಷ್ಟು ಹಿಂದಿನ ಆಕ್ಸಲ್ ಮೇಲೆ ಬಿದ್ದಿರುವುದು ಆಗ ಕಾಣುತ್ತದೆ. ಎಲ್‌ಟಿ (ಲೈಟ್ ಟ್ರಕ್, ಭಾರ ಹೊರುವ ಗಟ್ಟಿ) ಟೈರ್ ಯಾಕೆ ಬೇಕು ಅಂತಲೂ ಆಗಲೇ ಅರ್ಥ ಆಗುತ್ತದೆ.

ಓಡಿಸೋಕೆ ಹೇಗಿದೆ? ಊರೊಳಗೆ ಗೊತ್ತೇ ಆಗಲ್ಲ. ಐ-70 ಹೆದ್ದಾರಿಯಲ್ಲಿ 11,158 ಅಡಿ ಎತ್ತರದ ಐಸೆನ್‌ಹೋವರ್ ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿಯುವಾಗ ಗೊತ್ತಾಗುತ್ತದೆ. ಅಲ್ಲಿ ಟೋ-ಹಾಲ್ ಮೋಡ್ (ಭಾರ ಇದ್ದಾಗ ಬಳಸುವ ಗೇರ್ ವ್ಯವಸ್ಥೆ) ಒತ್ತಿ, ಗೇರ್ ಇಳಿಸಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರದ ಹಾಗೆ ಇಳಿಯಬೇಕು. ವಯೋಮಿಂಗ್‌ನ ಐ-80 ಗಾಳಿಯಲ್ಲಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದಿರಬೇಕು. ಆದರೂ ಸೂರು ತಗ್ಗಿದ್ದರಿಂದ ಗಟ್ಟಿ ಗೋಡೆಯ ಎತ್ತರದ ಕ್ಯಾಂಪರ್‌ಗಳಷ್ಟು ವಾಲಾಡಲ್ಲ. ಮೈಲೇಜ್ ಮಾತ್ರ ಎದ್ದು ಕಾಣುವಷ್ಟು ಇಳಿಯುತ್ತದೆ.

ದೂರುಗಳೂ ಇವೆ. ಡೀಲರ್ ಎಳೆದುಕೊಟ್ಟ ಚಾರ್ಜಿಂಗ್ ವೈರ್ ತೆಳುವಾಗಿತ್ತು. ದಿನವಿಡೀ ಓಡಿಸಿದರೂ ಕ್ಯಾಂಪರ್ ಬ್ಯಾಟರಿ ತುಂಬುತ್ತಿರಲಿಲ್ಲ. ಅಷ್ಟು ಉದ್ದದ ಸಣ್ಣ ವೈರಿನಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ, ಜೊತೆಗೆ ಈಗಿನ ಗಾಡಿಗಳ ಆಲ್ಟರ್ನೇಟರ್ ಇಂಧನ ಉಳಿಸಲು ವೋಲ್ಟೇಜ್ ತಾನೇ ತಗ್ಗಿಸುತ್ತದೆ. ಕೊನೆಗೆ ದಪ್ಪ ವೈರ್ ಎಳೆದು, ಬಿದ್ದ ವೋಲ್ಟೇಜ್ ಏರಿಸಿ ಬ್ಯಾಟರಿಗೆ ಕೊಡುವ ಡಿಸಿ-ಟು-ಡಿಸಿ ಚಾರ್ಜರ್ ಹಾಕಿಸಿದೆವು. ಇದನ್ನು ಮೊದಲ ದಿನವೇ ಕೇಳಿ ಹಾಕಿಸಿಕೊಳ್ಳಿ.

ಚಳಿ ರಾತ್ರಿ ಇಬ್ಬರ ಉಸಿರಿಗೇ ಬಟ್ಟೆ ಗೋಡೆ ಒದ್ದೆ. ಹಾಸಿಗೆ ಅಡಿಯಲ್ಲೂ ನೀರು ನಿಲ್ಲುತ್ತಿತ್ತು. ಹಾಸಿಗೆ ಕೆಳಗೆ ಗಾಳಿಯಾಡುವ ಜಾಲರಿ ಹಾಸು ಹಾಕಿ, ಸೂರಿನ ಫ್ಯಾನ್ ಸಣ್ಣಗೆ ಓಡಿಸಿದ ಮೇಲೆ ಕಡಿಮೆಯಾಯಿತು. ಹೀಟರ್ ಹಾಕಿದ್ದರೂ ಸ್ವಲ್ಪ ಕಿಟಕಿ ತೆರೆಯಲೇಬೇಕು. ಸೋಲಾರ್ ಫಲಕದ ಭಾರಕ್ಕೆ ಸೂರು ಎತ್ತುವುದು ನನ್ನ ಹೆಂಡತಿಗೆ ಒಬ್ಬಳೇ ಆಗುತ್ತಿರಲಿಲ್ಲ. ಸೂರು ಎತ್ತಲು ನೆರವಾಗುವ ಗ್ಯಾಸ್ ಸ್ಟ್ರಟ್ (ಅನಿಲ ತುಂಬಿದ ತಳ್ಳು ಸಲಾಕೆ) ಇನ್ನೂ ಬಲವಾದದ್ದು ಹಾಕಿಸಿದ ಮೇಲೆ ಈಗ ಅವಳೇ ನನಗಿಂತ ಬೇಗ ಎತ್ತುತ್ತಾಳೆ.

ಅಡುಗೆ ವಿಷಯ ನಮ್ಮವರಿಗೆ ಹೇಳಲೇಬೇಕು. ಲೆಡ್‌ವಿಲ್ ಕಡೆಯ 10,000 ಅಡಿಯಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲ್ಲ. ತೂಕ ಎಷ್ಟೇ ಉಳಿಸಿ, ಕುಕ್ಕರ್ ಮಾತ್ರ ಬಿಟ್ಟು ಹೋಗಬೇಡಿ. ಒಗ್ಗರಣೆ ಹೊರಗಡೆ ಸ್ಟೌ ಮೇಲೆ ಹಾಕಿ. ಒಳಗೆ ಒಣಮೆಣಸಿನಕಾಯಿ ಸಿಡಿಸಿದರೆ ಸ್ಮೋಕ್ ಅಲಾರಂ ಕೂಗುತ್ತದೆ, ಇಂಗಿನ ವಾಸನೆ ಬಟ್ಟೆ ಗೋಡೆಗೆ ಹತ್ತಿ ಮುಂದಿನ ಸೀಸನ್‌ವರೆಗೂ ಬಿಡಲ್ಲ.

ಮನೆಯಲ್ಲಿ ಇಡುವ ಜಾಗ ಯೋಚಿಸಿ. ಗಾಡಿ ಮೇಲೆ ಕೂತಾಗ ಎತ್ತರ ಸುಮಾರು 8 ಅಡಿ, ಇಲ್ಲಿನ ಮನೆಗಳ ಗ್ಯಾರೇಜ್ ಬಾಗಿಲು ಸಾಮಾನ್ಯವಾಗಿ 7. ಡ್ರೈವ್‌ವೇಯಲ್ಲಿ ನಿಲ್ಲಿಸಿದರೆ ಬಡಾವಣೆ ಸಂಘದಿಂದ ನೋಟಿಸ್ ಬರುತ್ತದೆ. ನಮಗೂ ಬಂತು. ಈಗ ಚಳಿಗಾಲಕ್ಕೆ ಜ್ಯಾಕ್ ಮೇಲೆ ಇಳಿಸಿ ಬಾಡಿಗೆ ಜಾಗದಲ್ಲಿ ಇಡುತ್ತೇವೆ.

ಇನ್ನೊಂದು, ಕರಡಿ ಇರುವ ಕಡೆ ಬಟ್ಟೆ ಗೋಡೆಗೆ ಪ್ರವೇಶ ಇಲ್ಲದ ಕ್ಯಾಂಪ್‌ಗಳಿವೆ. ಯೆಲ್ಲೊಸ್ಟೋನ್‌ನ ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್ ಹಾಗೆ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ. ಬುಕ್ ಮಾಡುವ ಮುಂಚೆ ನಿಯಮ ಓದಿ.

ಇಬ್ಬರಿಗೆ, ಮಣ್ಣು ರಸ್ತೆ ಇಷ್ಟ ಇರುವವರಿಗೆ, ಈ ಜೋಡಿ ಚೆನ್ನಾಗಿದೆ. ಮತ್ತೆ ಕೊಂಡರೂ ಇದನ್ನೇ ಕೊಳ್ಳುತ್ತೇನೆ. ಇಬ್ಬರು ಮಕ್ಕಳಿರುವವರಿಗೆ ಅರ್ಧ ಟನ್ ಗಾಡಿ ಮೇಲೆ ಇದು ಬೇಡವೇ ಬೇಡ. ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದರೆ ಬಟ್ಟೆ ಮಡಚುವ ಗೆರೆಗಳಲ್ಲಿ ಸಣ್ಣ ತೂತಿದೆಯಾ ಅಂತ ಒಳಗಿನಿಂದ ಬೆಳಕಿಗೆ ಹಿಡಿದು ನೋಡಿ. ಬಾಗಿಲ ಪಕ್ಕದ ನೆಲದ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ. ಮೆತ್ತಗಿದ್ದರೆ ಒಳಗೆ ಪ್ಲೈವುಡ್ ಕೊಳೆತಿದೆ, ಬೆಲೆ ಎಷ್ಟೇ ಇಳಿಸಿದರೂ ವಾಪಸ್ ಬನ್ನಿ.