ಗಾಳಿಯ ಗೆರೆ ನೋಡುತ್ತ ಹತ್ತು ಮಳೆಗಾಲ: ಅರ್ತ್ ನಲ್‌ಸ್ಕೂಲ್ ಬಳಸಿದ ಅನುಭವ

2021ರ ಮೇ 16, ಭಾನುವಾರ. ಬೆಳಗಿನ ಜಾವ ಕಾರವಾರದ ನಮ್ಮ ಮನೆಯ ದಕ್ಷಿಣದ ಕಿಟಕಿ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಸಮುದ್ರ ಇರುವುದು ಪಶ್ಚಿಮಕ್ಕೆ, ಆದರೆ ಆ ಕಡೆಯ ಕಿಟಕಿ ಅಷ್ಟು ಸದ್ದು ಮಾಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅರ್ತ್ ನಲ್‌ಸ್ಕೂಲ್ ಎಂಬ ಗಾಳಿ ನಕ್ಷೆಯ ಜಾಲತಾಣ ತೆರೆದು ನೋಡಿದೆ. ತೌಕ್ತೆ ಚಂಡಮಾರುತ ನಮ್ಮ ನೇರಕ್ಕೆ ಅರಬ್ಬಿ ಸಮುದ್ರದಲ್ಲಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಸುತ್ತುತ್ತಿತ್ತು. ಅದರ ಬಲಬದಿಯ ಗೆರೆಗಳೆಲ್ಲ ದಕ್ಷಿಣದಿಂದ ಉತ್ತರಕ್ಕೆ ಓಡುತ್ತಿದ್ದವು. ಕಾರವಾರ ಇದ್ದದ್ದು ಆ ಬಲಬದಿಯಲ್ಲೇ. ಕಿಟಕಿ ಯಾಕೆ ಬಡಿಯುತ್ತಿದೆ ಎಂಬುದು ಚಿತ್ರ ನೋಡಿ ತಿಳಿಯಿತು. ಮೈ ಜುಂ ಎಂದಿತು.

ನಾನು ಹೈಸ್ಕೂಲಿನ ಚಿತ್ರಕಲಾ ಶಿಕ್ಷಕ. 2015ರ ಮಳೆಗಾಲದಿಂದ ಅರ್ತ್ ಡಾಟ್ ನಲ್‌ಸ್ಕೂಲ್ ಡಾಟ್ ನೆಟ್ ನೋಡುತ್ತ ಬಂದಿದ್ದೇನೆ. ಕ್ಯಾಮೆರಾನ್ ಬೆಕ್ಕಾರಿಯೊ ಎಂಬ ಒಬ್ಬರೇ ಪ್ರೋಗ್ರಾಮರ್ 2013ರ ಕೊನೆಗೆ ಇದನ್ನು ಜನರ ಮುಂದಿಟ್ಟರು. ಅವರಿಗೆ ದಾರಿ ತೋರಿಸಿದ್ದು ಅದರ ಹಿಂದಿನ ವರ್ಷ ಫರ್ನಾಂಡಾ ವಿಯೇಗಾಸ್ ಮತ್ತು ಮಾರ್ಟಿನ್ ವಾಟನ್‌ಬರ್ಗ್ ಮಾಡಿದ್ದ ಅಮೆರಿಕದ ಗಾಳಿ ನಕ್ಷೆ. ಆ ನಕ್ಷೆ ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಂಗ್ರಹದಲ್ಲಿದೆ. ಹವಾಮಾನದ ಅಂಕಿಗಳಿಂದ ಹುಟ್ಟಿದ ಚಿತ್ರಕ್ಕೆ ಕಲೆಯ ಮನೆಯಲ್ಲಿ ಜಾಗ ಸಿಕ್ಕಿತು ಅಂದರೆ ನನ್ನಂಥವನಿಗೆ ಎಷ್ಟು ಖುಷಿ, ಅಲ್ವಾ?

ತೆರೆದ ಕೂಡಲೇ ಕಪ್ಪು ಹಿನ್ನೆಲೆಯಲ್ಲಿ ಭೂಮಿಯ ಗೋಲ ಬರುತ್ತದೆ. ಎಳೆದು ತಿರುಗಿಸಬಹುದು. ಮೆಲ್ಲನೆ ಬೀಸುವ ಗಾಳಿ ನೀಲಿ, ಜೋರಾದರೆ ಹಸಿರು, ಇನ್ನೂ ಜೋರಾದರೆ ಕೆಂಪು, ನೇರಳೆ. ಎಡಗಡೆ ಕೆಳಗಿನ ಮೂಲೆಯಲ್ಲಿರುವ ಹೆಸರನ್ನು ಒತ್ತಿದರೆ ಎತ್ತರ, ಸಮುದ್ರದ ಹರಿವು, ಅಲೆ, ಧೂಳು ಎಲ್ಲ ಸಿಗುತ್ತವೆ. ಇಷ್ಟು ವರ್ಷದಲ್ಲಿ ಒಂದು ಪೈಸೆ ಕೊಟ್ಟಿಲ್ಲ.

ಒಂದು ವಿಷಯ ಅರ್ಥವಾಗಲು ಮಾತ್ರ ನನಗೆ ಎರಡು ವರ್ಷ ಬೇಕಾಯಿತು. ಗೆರೆಗಳು ಹರಿಯುವುದು ನೋಡಿ ಈಗಿನ ಗಾಳಿಯೇ ಕಣ್ಣೆದುರು ಓಡುತ್ತಿದೆ ಎಂದುಕೊಂಡಿದ್ದೆ. ಹಾಗಿಲ್ಲ. ಪರದೆಯ ಮೇಲಿರುವುದು ಒಂದೇ ಗಳಿಗೆಯ ಗಾಳಿ. ಯಾವ ಜಾಗದಲ್ಲಿ ಯಾವ ದಿಕ್ಕು, ಎಷ್ಟು ವೇಗ ಎಂಬ ಲೆಕ್ಕ ಮೊದಲೇ ನಿಂತಿದೆ. ಅದರ ಮೇಲೆ ಸಾವಿರಾರು ಚುಕ್ಕಿಗಳನ್ನು ಚೆಲ್ಲುತ್ತಾರೆ. ಪ್ರತಿ ಚುಕ್ಕಿ ತಾನಿರುವ ಜಾಗದ ದಿಕ್ಕು ಹಿಡಿದು ಸ್ವಲ್ಪ ಸರಿಯುತ್ತದೆ, ಹಿಂದೆ ಬಾಲ ಬಿಡುತ್ತದೆ, ಬಾಲ ಮಾಸುತ್ತದೆ. ಸ್ವಲ್ಪ ಹೊತ್ತಿಗೆ ಚುಕ್ಕಿಯೂ ಅಳಿದು ಬೇರೆಲ್ಲೋ ಹುಟ್ಟುತ್ತದೆ. ಕಾಲ ಮುಂದೆ ಹೋಗಬೇಕಾದರೆ ಬಾಣದ ಗುರುತು ಒತ್ತಬೇಕು. ಒಂದು ಒತ್ತಿಗೆ ಮೂರು ಗಂಟೆ. ಇದು ಗೊತ್ತಾದ ಮೇಲೆ ನನಗೆ ಚಿತ್ರದ ಮೇಲೆ ಗೌರವ ಜಾಸ್ತಿಯಾಯಿತು. ನಿಂತ ಗಳಿಗೆಯೊಂದನ್ನು ಕಣ್ಣಿಗೆ ಹರಿಯುವಂತೆ ಮಾಡುವುದು ಚಿತ್ರಕಾರನ ಕೆಲಸವೇ.

'ಲೈವ್' ಎಂಬ ಮಾತನ್ನೂ ಹಾಗೇ ತಿಳಿದುಕೊಳ್ಳಬೇಕು. ಗಾಳಿಯ ಅಂಕಿ ಬರುವುದು ಅಮೆರಿಕದ ಹವಾಮಾನ, ಸಾಗರ ಸಂಸ್ಥೆಯಾದ ನೋವಾದ ಜಿಎಫ್‌ಎಸ್ ಎಂಬ ಮಾದರಿಯಿಂದ, ಅಂದರೆ ಹವಾಮಾನವನ್ನು ಲೆಕ್ಕ ಹಾಕಿ ಅಂದಾಜಿಸುವ ಕಂಪ್ಯೂಟರ್ ಪ್ರೋಗ್ರಾಮಿನಿಂದ. ಅದು ದಿನಕ್ಕೆ ನಾಲ್ಕು ಸಲ ಲೆಕ್ಕ ಹಾಕುತ್ತದೆ. ಲೆಕ್ಕ ಮುಗಿದು ನಮಗೆ ತಲುಪಲು ಕೆಲವು ಗಂಟೆ ಬೇಕು. ಹಾಗಾಗಿ 'ಈಗಿನದು' ಎಂದು ಕಾಣುವುದೂ ಕೆಲವು ಗಂಟೆ ಹಿಂದೆ ಮಾಡಿದ ಅಂದಾಜೇ.

ಬೈತಖೋಲ ಬಂದರಿನಲ್ಲಿ ಬೋಟಿಗೆ ಹೋಗುತ್ತಿದ್ದ ನಮ್ಮ ಮಾವನಿಗೆ ಇದನ್ನು ಮೊದಲ ಸಲ ತೋರಿಸಿದಾಗ ಅವರು ತುಂಬ ಹೊತ್ತು ಸುಮ್ನೆ ನೋಡಿದರು. ಆಮೇಲೆ ಕೇಳಿದರು, "ತಮಾ, ಇದ್ರಲ್ಲಿ ಗುಡ್ಡ ಎಲ್ಲದೆ?"

ಉತ್ತರ ಇರಲಿಲ್ಲ. ಅದೇ ವರ್ಷ ಅಕ್ಟೋಬರಿನ ಒಂದು ಮಧ್ಯಾಹ್ನ ನಕ್ಷೆಯಲ್ಲಿ ನಮ್ಮ ಕರಾವಳಿ ತಿಳಿ ನೀಲಿ ಇತ್ತು. ಗಾಳಿ ಇಲ್ಲ ಮಾವ, ಎಂದು ಧೈರ್ಯವಾಗಿ ಹೇಳಿದ್ದೆ. ಸಂಜೆ ನಾಲ್ಕಕ್ಕೆ ಘಟ್ಟದ ಕಡೆಯಿಂದ ಗುಡುಗು ಎದ್ದು ಗಾಳಿ ಕಡಲಿಗೆ ನುಗ್ಗಿತು. ಮಾವ ಮೋಡ ನೋಡಿ ಮೊದಲೇ ದಡಕ್ಕೆ ಬಂದಿದ್ದರು. ತಪ್ಪು ನನ್ನ ಓದಿನದು. ಆ ರಾತ್ರಿ ಗ್ರಿಡ್ ಎಂಬ ಗುಂಡಿ ಒತ್ತಿ ನೋಡಿದೆ. ಅಂಕಿ ಇರುವ ಜಾಗಗಳೆಲ್ಲ ಚುಕ್ಕಿಗಳಾಗಿ ಕಂಡವು. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಇಪ್ಪತ್ತೈದು ಕಿಲೋಮೀಟರಿಗಿಂತ ಜಾಸ್ತಿ ದೂರ. ನಮ್ಮ ಕಡೆ ಆ ದೂರದೊಳಗೆ ಸಮುದ್ರ, ಗದ್ದೆ, ಘಟ್ಟ ಎಲ್ಲ ಬಂದುಹೋಗುತ್ತವೆ. ದೇವಿಮನೆ ಘಟ್ಟದ ತಿರುವಿನ ಗಾಳಿಯನ್ನು ಆ ಚುಕ್ಕಿ ಹಿಡಿಯಲಾರದು. ಸಂಜೆಯ ಒಂದು ಗುಡುಗು ಮೋಡವನ್ನೂ ಹಿಡಿಯಲಾರದು. ಕಡಲಿಗೆ ಇಳಿಯುವವರು ಇದನ್ನು ನೆಚ್ಚಬೇಡಿ. ಹವಾಮಾನ ಇಲಾಖೆಯ ಎಚ್ಚರಿಕೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆಯ ಮುನ್ಸೂಚನೆ ನೋಡಿ. ನಾಳೆ ಮಳೆ ಬರುತ್ತಾ ಎಂದು ನೋಡಲು ನಾನು ಫೋನಿನಲ್ಲಿ ವಿಂಡಿ ಎಂಬ ಹವಾಮಾನದ ಆ್ಯಪ್ ಇಟ್ಟುಕೊಂಡಿದ್ದೇನೆ. ಅದು ಶುರುವಾದದ್ದೂ ಬೆಕ್ಕಾರಿಯೊ ಎಲ್ಲರಿಗೂ ಬಿಟ್ಟುಕೊಟ್ಟ ಕೋಡಿನಿಂದಲೇ. ಬೇರೆ ಬೇರೆ ಮಾದರಿ ಹೋಲಿಸಲು ಅದು ಒಳ್ಳೆಯದು. ಆದರೆ ಪರದೆ ತುಂಬ ಗುಂಡಿಗಳು, ಚಿತ್ರಕ್ಕೆ ಉಸಿರಾಡಲು ಜಾಗ ಕಡಿಮೆ.

ನಲ್‌ಸ್ಕೂಲ್ ನೋಡಬೇಕಾದದ್ದು ಜುಲೈಯಲ್ಲಿ. ಎತ್ತರವನ್ನು 850ಕ್ಕೆ ಇಡಿ (ಇದು ಹೆಕ್ಟೊಪಾಸ್ಕಲ್ ಎಂಬ ಗಾಳಿಯ ಒತ್ತಡದ ಅಳತೆ), ಅಂದರೆ ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲೆ. ಗೋಲವನ್ನು ಮಡಗಾಸ್ಕರ್ ಕಡೆ ತಿರುಗಿಸಿ. ಅಲ್ಲಿಂದ ಹೊರಟ ಗಾಳಿ ಆಫ್ರಿಕದ ಕರಾವಳಿಗೆ ಒತ್ತಿಕೊಂಡು ಸಮಭಾಜಕ ದಾಟುತ್ತದೆ. ಭೂಮಿ ತಿರುಗುವುದರಿಂದ ಬಲಕ್ಕೆ ಹೊರಳುತ್ತದೆ. ಸೋಮಾಲಿಯದ ಹತ್ತಿರ ಬಣ್ಣ ಕಡುವಾಗುತ್ತದೆ. ಅಲ್ಲಿಂದ ಅಗಲವಾದ ಪಟ್ಟಿಯಾಗಿ ಅರಬ್ಬಿ ಸಮುದ್ರ ದಾಟಿ ನಮ್ಮ ಘಟ್ಟಕ್ಕೆ ಬಂದು ಮುಟ್ಟುತ್ತದೆ. ಶಿರಸಿಯ ಅಡಿಕೆ ತೋಟಕ್ಕೆ ಸುರಿಯುವ ಮಳೆ ಎಷ್ಟು ದೂರದಿಂದ ನಡೆದು ಬಂದಿದೆ ಎಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗೆ ಸಿಕ್ಕಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಕೈಕೊಡುತ್ತವೆ. ಅದಕ್ಕೇ ಚಿತ್ರವನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ. ಹಳೆಯ ಲ್ಯಾಪ್‌ಟಾಪ್ ಆದರೆ ಬಿಸಿಯಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ಮಾವನ ಗುಡ್ಡದ್ದು.

ಕಳೆದ ಮಳೆಗಾಲ ಮಕ್ಕಳು ಪರದೆಯ ಗೆರೆಗಳನ್ನು ದೊಡ್ಡ ಹಾಳೆಗೆ ಇಳಿಸಿದರು. ಆ ಹಾಳೆಯನ್ನು ಮಾವನಿಗೆ ತೋರಿಸಲು ಮನೆಗೆ ತಂದೆ. ಅವರು ಪೆನ್ಸಿಲ್ ಕೇಳಿದರು. ಮೊದಲು ಸದಾಶಿವಗಡದ ಗುಡ್ಡ ಬರೆದರು. ಆಮೇಲೆ ದೇವಗಡದ ದೀಪಸ್ತಂಭ, ಕೂರ್ಮಗಡ ದ್ವೀಪ. ಕೊನೆಗೆ ಗುಡ್ಡದ ಹಿಂದೆ ದೋಣಿ ನಿಲ್ಲಿಸಬಹುದಾದ ಜಾಗಕ್ಕೆ ಸಣ್ಣದೊಂದು ಸೊನ್ನೆ ಹಾಕಿ, ಅಲ್ಲಿ ಗೆರೆ ಎಳೆಯಬೇಡಿ ಎಂದರು.